ಗೆದ್ದಲಿಗೊಂದು ಅರ್ಜಿ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ
ಎಂಟಕ್ಕೆ ಹತ್ತು ನಿಮಿಷವಿರುವಾಗ
ಬೊಳಚಿ ಬಂದು ನಿಂತಿದ್ದಳು. ಕೆಲಸಕ್ಕಲ್ಲ,
ಬಿಟ್ಟು ಎರಡು ವರ್ಷವಾಗಿದೆ.
"ಅಕ್ಕ, ನನ್ನ ಬೆರಳು ನಿಮ್ಮಲ್ಲೇ ಉಳಿದುಹೋಗಿದೆ,
ಕೊಟ್ಟುಬಿಡಿ" ಎಂದಳು,
ಮರೆತ ಬುತ್ತಿಡಬ್ಬಿ ಕೇಳುವ ಹಾಗೆ.

ನಾನು ನಕ್ಕುಬಿಟ್ಟೆ.

ಆ ಬೆರಳು ನನಗೆ ಗೊತ್ತು.
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು,
ಹನ್ನೊಂದು ವರ್ಷ ಹೆಕ್ಕಿ ಹೆಕ್ಕಿ
ಗೆರೆಯೆಲ್ಲ ಸವೆದು ಹೊಳೆಕಲ್ಲಿನಷ್ಟು ನುಣುಪು.
ಮೆಷಿನ್ನಿಗೆ ಒತ್ತಿದರೆ ಕೆಂಪು ದೀಪ:
ನೀನು ನೀನಲ್ಲ.
ತಲೆಗೂದಲಿಗೆ ಉಜ್ಜಿ ಮತ್ತೆ ಒತ್ತು:
ನೀನು ನೀನಲ್ಲ.
ನಾಲ್ಕನೇ ಸಲಕ್ಕೆ ಹಸಿರು. ಅಷ್ಟರಲ್ಲಿ ಐದು ನಿಮಿಷ ಲೇಟು,
ಅರ್ಧ ದಿನ ಕಟ್.
ಕಟ್ ಮಾಡಿದ್ದು ನಾನೇ.

ಅವಳ ಕೈಯಲ್ಲೇ ಉಳಿಯದ ಗೆರೆ ಈಗ ನಮ್ಮಲ್ಲಿದೆ.
ನಮ್ಮಲ್ಲೂ ಅಲ್ಲ, ಮೆಷಿನ್ ಮಾರಿದ ಕಂಪನಿಯಲ್ಲಿ.
ಫೋನ್ ಮಾಡಿದರೆ "ಕ್ಲೌಡಿನಲ್ಲಿದೆ ಮೇಡಂ" ಅಂದ ಒಬ್ಬ ಹುಡುಗ.
ಕ್ಲೌಡ್ ಎಂದರೆ ಮೋಡ ಎಂದು ಹೇಳಿದೆ.
ಅವಳು ಮೇಲೆ ನೋಡಲಿಲ್ಲ,
ನನ್ನ ಮುಖ ನೋಡಿದಳು.

ಅವಳಜ್ಜ ಚಾತನ ಹೆಬ್ಬೆಟ್ಟೂ ಒಂದು ಕಡೆ ಹೀಗೇ ಇತ್ತಂತೆ,
ತಿತಿಮತಿ ಕಡೆಯ ಯಜಮಾನರೊಬ್ಬರ ಸಾಲದ ಪುಸ್ತಕದಲ್ಲಿ.
ಎರಡು ಕಂಬಳಿ, ಮೂವತ್ತು ಸೇರು ಭತ್ತ, ಒಂದು ಮದುವೆ,
ಕೆಳಗೊಂದು ನೀಲಿ ಮಚ್ಚೆ.
ಆ ಮಚ್ಚೆಗೆ ಇಪ್ಪತ್ತು ವರ್ಷ ದುಡಿದ.
ಒಮ್ಮೆ ಹುತ್ತರಿಗೆ ಮುಂಚೆ ಪೆಟ್ಟಿಗೆ ತೆಗೆದರೆ
ಪುಸ್ತಕವಿಲ್ಲ, ಹಿಡಿ ಮಣ್ಣು.
ಯಜಮಾನರು ಬೈದರು, ಸೂರೆಲ್ಲ ಹುಡುಕಿಸಿದರು.
ಅಜ್ಜ ಯಾರಿಗೂ ಹೇಳದೆ ಹೋಗಿ
ಹುತ್ತದ ಬುಡಕ್ಕೆ ಹೊಸ ಅಕ್ಕಿ ಇಟ್ಟು ಬಂದ.

"ಮೋಡಕ್ಕೆ ಗೆದ್ದಲು ಹಿಡೀತದಾ ಅಕ್ಕ?"

ಬುದ್ಧಿ ಹೇಳಿದೆ. ಅಳಿಸಿ ಎಂದು ಬರೆದರೆ
ಎಲ್ಲವನ್ನೂ ಅಳಿಸಿಬಿಟ್ಟಾರು ಬೊಳಚಿ.
ಪಿಎಫ್ ಬಂದಿಲ್ಲ, ಗ್ರಾಚ್ಯುಟಿ ಬಾಕಿ ಉಂಟು.
ಅಜ್ಜನ ಪುಸ್ತಕದಲ್ಲಿ ಇದ್ದದ್ದು ಸಾಲ,
ಇಲ್ಲಿರುವುದು ನಿನ್ನ ದುಡಿಮೆ.
ಹನ್ನೊಂದು ವರ್ಷ ಇಲ್ಲಿದ್ದೆ ಎನ್ನಲು
ನಿನಗೆ ಬೇರೆ ಯಾರು ಸಾಕ್ಷಿ?

ಅವಳು ಗೇಟಿನಾಚೆ ಹೋಗಿ ಎಲೆಯಡಿಕೆ ಉಗಿದು ಬಂದಳು.
"ದಿನ ಇರಲಿ. ದಿನ ಕೊಟ್ಟದ್ದು ನಾನು, ಲೆಕ್ಕದಲ್ಲಿರಲಿ.
ಬೆರಳು ಕೊಟ್ಟದ್ದಲ್ಲ,
ತೋರಿಸಿದ್ದು."

ಇಷ್ಟನ್ನೇ ಬರೆದೆ, ಅವಳ ಮಾತಿನಲ್ಲೇ.
ಕೆಳಗೆ ಸಹಿಗೆ, ರೂಢಿಯ ಕೈ,
ಇಂಕ್ ಪ್ಯಾಡ್ ಎಳೆದೆ. ಅವಳು ತಲೆಯಾಡಿಸಿದಳು.
ನನ್ನ ಪೆನ್ನು ತೆಗೆದುಕೊಂಡು, ನಾಲಗೆ ಕಚ್ಚಿ,
ಒಂದು ಮೊಟ್ಟೆ ಬರೆದು
ನಡುವೆ ಉದ್ದಕ್ಕೆ ಗೀರೆಳೆದಳು:
ಕಾಫಿ ಬೀಜ. ಕಪ್ಪಲ್ಲ, ಒಡಕಲ್ಲ,
ಒಂದನೇ ದರ್ಜೆಯದು.

ಮೂವತ್ತು ದಿನದಲ್ಲಿ ಉತ್ತರಿಸುತ್ತೇವೆ ಎಂದು ಮೆಸೇಜು ಬಂತು.
ಇವತ್ತಿಗೆ ನಲವತ್ತೊಂದು.

ಬೆಳಗ್ಗೆ ನಾನೂ ಒತ್ತುತ್ತೇನೆ.
ಬೆರಳು ತಾಗುವ ಮೊದಲೇ ಎನ್ನುವಷ್ಟು ಬೇಗ
ಹಸಿರು.
ಅದಕ್ಕೆ ನಾನು ಇಷ್ಟು ಚೆನ್ನಾಗಿ ಗೊತ್ತಿರುವುದು
ಈಚೆಗೆ ಹಿಡಿಸುವುದಿಲ್ಲ.