ಇಪ್ಪತ್ತೊಂದು ದಿನದೊಳಗೆ

ದಸರೆಗೆ ಎಲ್ಲಿಗೆ ಹೋಗ್ತಿದ್ದೀರಿ ಮೇಡಂ, ಕೇಳಿದ
ಆರೋಗ್ಯ ವಿಭಾಗದ ಬೋರಲಿಂಗು.
ಬಳೆ ಚೆನ್ನಂಜಯ್ಯನವರ ಮನೆಗೆ, ಅಂದೆ.
ನೆಂಟರಾ?
ಹೂಂ ಕಣಪ್ಪ, ನಾಲ್ಕು ತಲೆಮಾರಿಂದ.

ಸುಳ್ಳೇನಲ್ಲ. ಚೀಲದಲ್ಲಿತ್ತು
ಏಳುನೂರ ಮೂವತ್ತು ಪುಟದ ಮನೆ,
ಬೆನ್ನಿಗೆ ಲೈಬ್ರರಿಯವರು ಅಂಟಿಸಿದ ಕಾಕಿ ಬಟ್ಟೆ.
ಮೊದಲ ಹದಿನಾರು ಪುಟ ಯಾರ ಒಲೆಗೆ ಹೋದವೋ,
ಚೆನ್ನಂಜಯ್ಯ ಹುಟ್ಟಿದ್ದನ್ನು ನಾನು ಕಾಣೆ.
ಹದಿನೇಳರಲ್ಲಿ ಅವನಿಗಾಗಲೇ ಮೀಸೆ,
ಹೆಗಲಿಗೆ ಮಲಾರ,
ಹೊಳೆ ದಾಟುವಾಗ ಗಾಜಿನ ಸದ್ದು.

ವರ್ಷವೆಲ್ಲ ನಾನು ಕೂರುವುದು ಮಂಡ್ಯದ ನಗರಸಭೆಯ
ಜನನ ಮರಣದ ಕಿಟಕಿಯಲ್ಲಿ.
ಹುಟ್ಟಿಗೆ ಒಂದು ಸಾಲು, ಸಾವಿಗೆ ಒಂದು ಸಾಲು,
ನಡುವಿನದು ಯಾವ ರಿಜಿಸ್ಟರಿನಲ್ಲಿರುತ್ತದೋ
ನನಗೆ ಯಾರೂ ಹೇಳಿಕೊಟ್ಟಿಲ್ಲ.
ಆಧಾರಿನಲ್ಲಿ ಕೆಂಪಮ್ಮ, ಪಹಣಿಯಲ್ಲಿ ಕೆಂಪಾಜಮ್ಮ,
ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ಟು ತನ್ನಿ,
ಮುಂದಿನವರು ಬನ್ನಿ.

ಈಗ ಗುತ್ತಲಿನ ನಮ್ಮ ತಾರಸಿ, ನೀರಿನ ಟ್ಯಾಂಕಿನ ನೆರಳು.
ಮೈಸೂರಿನ ದೀಪ ನೋಡಲು ಹೊರಟ ಮನೆಯವರ ವ್ಯಾನು
ಹಾರ್ನು ಹೊಡೆದು ಹೊಡೆದು ನನ್ನನ್ನು ಬಿಟ್ಟೇ ಹೋಯಿತು.
ನೆರಳು ಸರಿದಂತೆ ಚಾಪೆ ಸರಿಸುತ್ತೇನೆ.
ಬೆಳಗಿನ ಕಾಫಿಗೆ ಒಂದು ಮದುವೆ,
ಉಪ್ಸಾರು ಆರುವಷ್ಟರಲ್ಲಿ ಎರಡು ಬಾಣಂತನ,
ಸಂಜೆ, ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ ಬರುವ ಹೊತ್ತಿಗೆ
ಅಣ್ಣತಮ್ಮಂದಿರ ನಡುವೆ ಗೋಡೆ ಎದ್ದಿರುತ್ತದೆ.

ಹೆಸರುಗಳದೇ ಗೋಜಲು. ಹುಟ್ಟಿದವರಿಗೆಲ್ಲ ಅಜ್ಜನದೇ ಹೆಸರು:
ದೊಡ್ಡ ಚೆನ್ನಂಜ, ಮೆಳ್ಳ ಚೆನ್ನಂಜ, ಮಿಲ್ಟ್ರಿ ಚೆನ್ನಂಜ.
ದಾರಿ ತಪ್ಪಿದಾಗ ಕೊನೆಯ ಖಾಲಿ ಹಾಳೆಗೆ ಓಡುತ್ತೇನೆ.
ಅಲ್ಲಿ ಯಾರೋ ಸೀಸದ ಕಡ್ಡಿಯಲ್ಲಿ ವಂಶವೃಕ್ಷ ಬರೆದಿದ್ದಾರೆ,
ಇನ್ಯಾರೋ ಹಸಿರು ಶಾಯಿಯಲ್ಲಿ ತಿದ್ದಿದ್ದಾರೆ:
'ಪುಟ್ಟಮಾದಿ ಎರಡನೇ ಹೆಂಡತಿ ಅಲ್ಲ, ಮೊದಲನೆಯವಳೇ.
ಇನ್ನೂರ ಹನ್ನೆರಡನೇ ಪುಟ ಸರಿಯಾಗಿ ಓದಿ.'
ಮೂರನೆಯ ಕೈ, ಬಾಲ್ ಪೆನ್ನು, ಒಂದೇ ಮಾತು:
'ಪಾಪ.'
ತಾರೀಕಿನ ಚೀಟಿಯಲ್ಲಿ ಎಪ್ಪತ್ತೊಂಬತ್ತು, ಎಂಬತ್ತಾರು, ತೊಂಬತ್ತೊಂದು,
ಆಮೇಲೆ ಮೂವತ್ತು ವರ್ಷ ಯಾರೂ ಇಲ್ಲ,
ಆಮೇಲೆ ನಾನು.

ಆರನೇ ದಿನ ನನಗೇ ಒಂಥರಾ ಆಗಿ
ಕೆರಗೋಡಿನ ಸೋದರತ್ತೆಗೆ ಫೋನು ಮಾಡಿದೆ.
ಅತ್ತೆ, ನಮ್ಮ ಮುತ್ತಜ್ಜಿ ಹೆಸರೇನು?
ಏನೋ ಒಂದಿತ್ತು ಕಣವ್ವ. ಎಲ್ರೂವೆ ಕುಳ್ಳವ್ವ ಅನ್ನೋರು.
ಯಾಕೆ, ದುಡ್ಡುಗಿಡ್ಡು ಏನಾರ ಬತ್ತದಾ?
ಇಲ್ಲ ಅತ್ತೆ, ಸುಮ್ಕೆ.

ಖಾಲಿ ಹಾಳೆಯ ಮೂಲೆಯಲ್ಲಿ ಇನ್ನೂ ಜಾಗವಿತ್ತು.
ಲೈಬ್ರರಿ ಪುಸ್ತಕದಲ್ಲಿ ಬರೆಯಬಾರದು, ಗೊತ್ತು.
ಕುಳ್ಳವ್ವ, ಅಂತ ಬರೆದೆ,
ಯಾರಿಗೂ ಗೆರೆ ಎಳೆಯದೆ.

ನಾಳೆ ಸೋಮವಾರ. ಪುಟ ಆರುನೂರ ಎಂಬತ್ತೆಂಟು.
ಪುಟ್ಟಮಾದಿ ಹಾಸಿಗೆ ಹಿಡಿದಿದ್ದಾಳೆ,
ಊರೂರಿಗೆ ಹೇಳಿಕಳಿಸಿದ್ದಾರೆ,
ಮಿಲ್ಟ್ರಿ ಚೆನ್ನಂಜ ರೈಲು ಹತ್ತಿದ್ದಾನೆ,
ಯಾರೋ ಅವಳ ಕೈಗೆ ಹಸಿರು ಬಳೆ ತೊಡಿಸುತ್ತಿದ್ದಾರೆ, ಸಡಿಲ.
ಇಂಥ ಸಾಲುಗಳು ಎಲ್ಲಿಗೆ ಹೋಗುತ್ತವೆಂದು
ನನ್ನ ಕೆಲಸದವಳಿಗೆ ಯಾರೂ ಹೇಳಬೇಕಿಲ್ಲ.

ಹೇರ್‌ಪಿನ್ನು ಸಿಕ್ಕಿಸಿ ಪುಸ್ತಕ ಮುಚ್ಚಿದೆ.

ಸಾವನ್ನು ಇಪ್ಪತ್ತೊಂದು ದಿನದೊಳಗೆ ತಿಳಿಸಬೇಕು, ಅದು ಕಾನೂನು.
ಲೈಬ್ರರಿಯವರ ಗಡುವು ಹದಿನೈದು,
ಮೀರಿದರೆ ದಿನಕ್ಕೆ ಐವತ್ತು ಪೈಸೆ ದಂಡ.
ಐವತ್ತು ಪೈಸೆ ಈಗ ಯಾರ ಹತ್ತಿರ ಇದೆ?
ರೂಪಾಯಿಯೇ ಕೊಡುತ್ತೇನೆ,
ಎರಡು ದಿನಕ್ಕೊಂದರಂತೆ.