ಸಂದು

ಬುಲಿಕ್ ಮುರ್ತಿನಿ ಹೊಸ ಪ್ಲಗ್ಗನ್ನು ಮೊದಲು ಮೂಸುತ್ತಾಳೆ.
(ಚಿಕ್ಕಮ್ಮನಿಗೆ ನಾವು ಬುಲಿಕ್ ಅನ್ನುತ್ತೇವೆ. ಈಗ ಊರೇ ಅನ್ನುತ್ತದೆ.)
ಏನು ವಾಸನೆ ಅಂತ ಕೇಳಬೇಡಿ.
ಕೆದಿರಿಯ ಪೇಟೆಯಲ್ಲಿ ಅವಳಿಗೆ ಸಿಕ್ಕಷ್ಟು ನಕಲಿ
ಯಾರಿಗೂ ಸಿಕ್ಕಿರಲಾರದು.
ಪಿಂಗಾಣಿಯ ಅಕ್ಷರವನ್ನು ಉಗುರಲ್ಲಿ ಕೆರೆದು,
ಎದ್ದು ಬಂದರೆ ನನ್ನ ಕಡೆ ಎಸೆಯುತ್ತಾಳೆ.
ಗ್ಯಾರೇಜಿನ ಬಾಗಿಲು ಗಾಳಿಗೆ ಬಡಿಯದಂತೆ
ನಾಲ್ಕು ನಕಲಿ ಪ್ಲಗ್ಗು ಅಡ್ಡ ಕೂತಿವೆ.

ನನ್ನದು ನೂರ ಮೂವತ್ತೈದು ಸಿಸಿ, ಟು-ಸ್ಟ್ರೋಕು.
ಹೆಡ್ಡನ್ನು ಲೇತಿಗೆ ಕೊಟ್ಟು ಮುಕ್ಕಾಲು ಮಿಲಿಮೀಟರು ತೆಗೆಸಿದ್ದೇವೆ,
ಪೋರ್ಟಿನ ಮೂಲೆಗಳನ್ನು ಅರದಲ್ಲಿ ತಿದ್ದಿದ್ದೇವೆ,
ಕಾರ್ಬುರೇಟರು ಇನ್ನೊಂದು ಊರಿನ ಇನ್ಯಾವುದೋ ಬೈಕಿನದು.
ಹಳೆಯ ಪ್ಲಗ್ಗು ಅದರೊಳಗೆ ಎರಡು ಸಂಜೆ ಬಾಳಿತು.
ತೆಗೆದರೆ ಮೂಗು ಸುಣ್ಣದಷ್ಟು ಬಿಳಿ,
ಮೇಲೆ ಸಾಸಿವೆಗಿಂತ ಸಣ್ಣ ಬೆಳ್ಳಿ ಚುಕ್ಕಿ.
"ಚೆಂದ ಕಾಣ್ತದಲ್ವಾ?" ಅಂದಳು.
"ಅದು ನಿನ್ನ ಪಿಸ್ಟನ್ನು. ಚೂರುಚೂರಾಗಿ ಮನೆ ಬಿಟ್ಟು ಹೊರಟಿದೆ."

ಹಾಗಾಗಿ ತಣ್ಣನೆಯದು, ಒಂದು ಅಂಕಿ ಮೇಲಿನದು.
ತಣ್ಣನೆಯದೆಂದರೆ ಮುಟ್ಟಿದರೆ ತಂಪಲ್ಲ.
ಮೂಗು ಗಿಡ್ಡ, ಅಷ್ಟೆ. ಕಾವನ್ನು ಹಿಡಿದಿಟ್ಟುಕೊಳ್ಳದೆ
ಬೇಗ ಲೋಹಕ್ಕೆ ದಾಟಿಸಿಬಿಡುತ್ತದೆ,
ಸಿಟ್ಟು ಬಂದ ಕೂಡಲೆ ಎದ್ದುಹೋಗಿ
ಮುಖ ತೊಳೆದು ಬರುವವರ ಹಾಗೆ.
ಎರಡು ಅಂಕಿ ಮೇಲೆ ಹೋದರೆ? ಹೋಗಿದ್ದೆವು.
ಮಸಿ ಕಟ್ಟಿ, ಎಣ್ಣೆಯಲ್ಲಿ ನೆಂದು,
ಬೈಕನ್ನು ಮನೆತನಕ ತಳ್ಳಿದ್ದು ನಾನು.

ಇನ್ನು ಸಂದು.
ಕಂಪನಿಯ ಕಾಗದ ಹೇಳುವುದು ಸೊನ್ನೆ ಬಿಂದು ಎಂಟು.
ಕಾಗದಕ್ಕೆ ನಮ್ಮ ಹೆಡ್ಡಿನ ವಿಷಯ ಗೊತ್ತಿಲ್ಲ.
ಅದುಮಿ ತುಂಬಿದ ಗಾಳಿಯೊಳಗೆ ಕಿಡಿಯ ಪಾಡು
ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ
ಮುಂದಿನ ಬಾಗಿಲಿಗೆ ಹೊರಟವನ ಪಾಡು.
ಬಾಗಿಲುಗಳನ್ನೇ ಹತ್ತಿರ ತರಬೇಕು.
ತೀರಾ ತಂದರೋ, ಕಿಡಿ ಹುಟ್ಟುತ್ತದೆ, ಬೆಂಕಿ ಹುಟ್ಟುವುದಿಲ್ಲ.
ಬೆಂಚಿನ ಮರಕ್ಕೆ ಪ್ಲಗ್ಗಿನ ತುದಿ ತಟ್ಟುತ್ತಾಳೆ, ಒಮ್ಮೆ.
ಗೇಜಿನ ಎಲೆ ತೂರಿಸಿ ಎಳೆಯುತ್ತಾಳೆ,
ಸುಮ್ಮನೆ ಬಂದರೆ ಇನ್ನೊಂದು ತಟ್ಟು,
ತುಸು ಮುನಿಸಿಕೊಂಡು ಬಂದರೆ ಸಾಕು.
ಸೊನ್ನೆ ಬಿಂದು ಆರು.
ತುಟಿಯ ಲವಂಗದ ಸಿಗರೇಟಿನ ಬೂದಿ ಅಲ್ಲಿವರೆಗೆ ಬೀಳುವುದಿಲ್ಲ.

ಆ ಶನಿವಾರ ರಾತ್ರಿ ಹಳೆ ಸಕ್ಕರೆ ಗಿರಣಿಯ ಹಿಂದೆ
ಇನ್ನೂರ ಒಂದು ಮೀಟರು ಅಳೆದು ಗೆರೆ ಎಳೆದಿದ್ದರು.
ನನ್ನ ಎದುರು ಓಡಬೇಕಾದ ಕುಂಚೊರೊ ಬಂದ,
ಪಿಂಗಾಣಿ ಸೀಳಿದ ಪ್ಲಗ್ಗು ಅಂಗೈಯಲ್ಲಿ.
"ಬುಲಿಕ್, ಒಂದಿದ್ದರೆ ಕೊಡಿ."
"ಹೆಡ್ಡು ಎಷ್ಟು ತೆಗೆಸಿದ್ದೀಯ?"
"ಮುಟ್ಟಿಯೇ ಇಲ್ಲ. ಕಂಪನಿಯದು ಹೇಗಿತ್ತೋ ಹಾಗೇ."
ರೇಸಿನ ರಾತ್ರಿ ಎಲ್ಲರೂ ಹೇಳುವ ಸುಳ್ಳು, ನಾನೂ ಹೇಳಿದ್ದೇನೆ.
ಅವನ ಮಾತಿಗೆ ಸರಿಯಾಗಿ ಎಂಟು ಇಟ್ಟು ಕೊಟ್ಟಿದ್ದರೆ
ಪಾಪವೂ ಅಂಟುತ್ತಿರಲಿಲ್ಲ, ನಾನು ಗೆಲ್ಲುತ್ತಿದ್ದೆ.
ಕಣ್ಣಲ್ಲೇ ಅಂದೆ: ಎಂಟು, ಬುಲಿಕ್, ಎಂಟು.

"ಹಳೆಯದನ್ನೇ ಬಿಗಿದು ಕಿಕ್ಕು ಒತ್ತು," ಅಂದಳು. "ಕೈಯಲ್ಲಿ."
ಒತ್ತಿದ. ಅರ್ಧಕ್ಕೆ ನಿಂತಿತು,
ಕೆಳಗಿಂದ ಯಾರೋ ಹಿಡಿದುಕೊಂಡ ಹಾಗೆ.
ಅವಳೇನೂ ಹೇಳಲಿಲ್ಲ. ಹೊಸದನ್ನು ಡಬ್ಬಿಯಿಂದ ತೆಗೆದು
ಹಲಗೆಗೆ ತಟ್ಟಿದಳು. ಮತ್ತೆ ತಟ್ಟಿದಳು.
ನನಗಿಟ್ಟುಕೊಟ್ಟದ್ದಕ್ಕಿಂತ ತೆಳ್ಳನೆಯ ಎಲೆ ಹುಡುಕಿದಳು.
"ಗೆರೆ ದಾಟುತ್ತಲೇ ಕ್ಲಚ್ಚು ಹಿಡಿ, ಕೀ ಆರಿಸು, ತೇಲಿಕೊಂಡು ನಿಲ್ಲು.
ದುಡ್ಡು ಬೇಡ. ಪ್ಲಗ್ಗು ನನಗೆ ವಾಪಸ್ಸು ಬೇಕು."

ಅವನು ಗೆದ್ದ. ಅರ್ಧ ಚಕ್ರ.

ನಾನು ಹೆಲ್ಮೆಟ್ಟು ತೆಗೆಯದೆ ಕೂತಿದ್ದೆ.
ಅವಳು ಚಿಂದಿಬಟ್ಟೆಯಲ್ಲಿ ಆ ಬಿಸಿ ಪ್ಲಗ್ಗು ಹಿಡಿದು
ಟಾರ್ಚಿನ ಕೆಳಗೆ ತಿರುಗಿಸಿ ತಿರುಗಿಸಿ ಓದುತ್ತಿದ್ದಳು:
ಹಾಲು ಹೆಚ್ಚಾದ ಕಾಫಿಯ ಬಣ್ಣ, ಚುಕ್ಕಿ ಒಂದೂ ಇಲ್ಲ.
"ಒಂದು ಮಿಲಿಮೀಟರು ತೆಗೆಸಿದ್ದಾನೆ," ಅಂದಳು,
ನನಗೋ ಪ್ಲಗ್ಗಿಗೋ ತಿಳಿಯದು.
ಕುಂಚೊರೊ ಕತ್ತು ಕೆರೆದುಕೊಂಡ.
"ಒಂದೂ ಕಾಲು, ಬುಲಿಕ್."
"ಹಂಗಾರೆ ಮುಂದಿನ ವಾರ ಐದು ಇಟ್ಟು ನೋಡೋಣ."

ನೋಡೋಣ ಅಂತೆ.