ಅರೆಗಣ್ಣು

ಹೊರಗೆ ಮ್ಯಾನಿಟೋಬಾದ ಬಯಲು, ಸೊನ್ನೆಯ ಕೆಳಗೆ ಮೂವತ್ತು.
ಚರ್ಚಿನ ನೆಲಮಾಳಿಗೆಯಲ್ಲಿ ನಾವು ಏಳು ಹೆಂಗಸರು,
ಒಂದು ಹೀಟರು, ಬನ್ನು, ಪ್ಲಮ್ ಹಣ್ಣಿನ ಜಾಮು,
ನೆಲದ ಮೇಲೆ ಹರವಿದ ನಲವತ್ತೆಂಟು ಚೌಕ.
ಇನ್ನೂ ಟಾಕಿ ಕೂಡ ಹಾಕಿಲ್ಲ. ಯಾರೂ ಸೀನಬೇಡಿ.

ಪ್ರತಿ ಚೌಕದ ನಡುವೆ ಕೆಂಪು, ಒಲೆಯ ಕೆಂಡದಷ್ಟು;
ಸುತ್ತ ದಿಮ್ಮಿ ಪೇರಿಸಿದ ಹಾಗೆ ಬಟ್ಟೆಯ ಪಟ್ಟಿ,
ಅರ್ಧ ಕಡು, ಅರ್ಧ ತಿಳಿ.
ಬಿಸಿಲು ಬಿದ್ದ ಗೋಡೆ, ಬೀಳದ ಗೋಡೆ.
ಹೇಳಲಿಕ್ಕೆ ಸುಲಭ.

ಕಡುವಿಗೆ ಪೆನ್ನರ್ ಮಾವನ ಭಾನುವಾರದ ಪ್ಯಾಂಟು,
ತಿಳಿಗೆ ಆಸ್ಪತ್ರೆಯವರು ಕೊಟ್ಟ ದಿಂಬಿನ ಚೀಲ.
ತಕರಾರೆಲ್ಲ ನಡುವಿನವುಗಳದು.
ಬೂದಿ, ಪಾಚಿ, ತೊಳೆದು ತೊಳೆದು ಸೋತ ನೀಲಿ:
ಕರಿಯ ಪಕ್ಕ ಕೂತರೆ ತಾನು ಬಿಳಿಯೆನ್ನುತ್ತವೆ,
ಬಿಳಿಯ ಪಕ್ಕ ಕೂತರೆ ಕಪ್ಪು.
ನನ್ನ ನಾದಿನಿ ಹೆಲೆನಾ ಹೀಗೇ;
ಅವಳೆದುರಿಗೇ ಹೇಳಿದೆ,
ನಕ್ಕಳು, ದಾರ ಕಚ್ಚಿ ಹರಿದಳು.

ಇಂಥದಕ್ಕೆಲ್ಲ ಅಗನೇತಾ ಇದ್ದಳು.
ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ.
ನಾವು ಕಣ್ಣು ಅರೆಮುಚ್ಚಿ, ತಲೆ ವಾಲಿಸಿ,
ಕುರ್ಚಿ ಹತ್ತಿ ಕಾಣುವುದನ್ನು
ಅವಳು ನಿಂತಲ್ಲೇ ಕಾಣುತ್ತಿದ್ದಳು.
ಹೂವು ತಿಳಿಯದು, ಗೆರೆ ತಿಳಿಯದು,
ಯಾರ ಮನೆಯ ಅಂಗಿಯೆಂದು ತಿಳಿಯದು;
ಹಾಗಾಗಿ ದಾಕ್ಷಿಣ್ಯವೂ ಇಲ್ಲ.
ಊರುಗೋಲು ಚಾಚಿ, "ಇಲ್ಲಿ ತೂತು ಬಿದ್ದಿದೆ."
ನೋಡಿದರೆ ಹೌದು, ಎರಡು ಕಡು ಒಂದಕ್ಕೊಂದು ಅಂಟಿ ಹೊಂಡ.
"ಇಲ್ಲಿ ಯಾರೋ ಕಿರುಚುತ್ತಿದ್ದಾರೆ."
ಹೌದು, ಮೂಲೆಯಲ್ಲೊಂದು ಬಿಳಿ, ಒಂಟಿ.
"ಅಯ್ಯೋ, ತೆಗೆಯಬೇಡಿ. ಜೊತೆ ಕೊಡಿ,
ಆಚೆ ದೂರದಲ್ಲಿ ಇನ್ನೆರಡು."

ಅಕ್ಟೋಬರಿನಲ್ಲಿ ವಿನಿಪೆಗ್ಗಿಗೆ ಕರೆದೊಯ್ದು ಪೊರೆ ತೆಗೆಸಿದರು.
ಮರಳಿದ ದಿನ ತನ್ನ ಮಂಚದ ಕೌದಿ ಮುಟ್ಟಿ
"ಇದು ಕಪ್ಪಲ್ಲವೇ?" ಅಂದಳು.
ಅಲ್ಲ ಅಗನೇತಾ, ನೇರಳೆ.
"ಕಾರ್ನೀಲಿಯಸ್ ಕೊನೆಯ ಚಳಿಗಾಲ ತೊಟ್ಟ ಅಂಗಿ. ನೇರಳೆಯೇ?"
ಮೊದಲಿಂದಲೂ.
ಸ್ವಲ್ಪ ಹೊತ್ತು ಅದರ ಮೇಲೆ ಕೈಯಾಡಿಸಿದಳು.
"ಪರವಾಗಿಲ್ಲ. ಇರಬೇಕಾದಲ್ಲೇ ಇದೆ."

ಇವತ್ತು ಚೌಕಗಳ ಮುಂದೆ ನಿಂತು ಬೆವರಿದಳು.
ಎಲ್ಲ ಕಾಣುತ್ತದೆ: ಎಳೆ, ಚುಕ್ಕಿ, ಅಚ್ಚಿನ ಗುಲಾಬಿಯ ಮುಳ್ಳು ಕೂಡ.
"ಒಂದೊಂದೂ ಒಂದೊಂದು ಹೇಳುತ್ತಿದೆ,
ಯಾವುದನ್ನು ಕೇಳಲಿ?"
ಅರೆಗಣ್ಣು ಮಾಡಹೋದರೆ ರೆಪ್ಪೆ ನಡುಗುತ್ತದೆ, ಅಭ್ಯಾಸವಿಲ್ಲ.
ಇಷ್ಟು ವರ್ಷ ಅವಳನ್ನು ಪೊರೆಯೇ ಪೊರೆದಿತ್ತೇನೋ.
ನಮ್ಮನ್ನೂ.

ಆಮೇಲೆ ಏನನ್ನಿಸಿತೋ, ಕೈಚೀಲ ತಡಕಿ
ಬೇಡವಾದ ಹಳೆ ಕನ್ನಡಕ ತೆಗೆದು ಮೂಗಿಗೇರಿಸಿ
ಕೋಟೂ ಇಲ್ಲದೆ ಮೆಟ್ಟಿಲು ಹತ್ತಿ ಹೊರಗೆ ಹೋದಳು.
ಹೆಲೆನಾ ಹಿಂದೆಯೇ ಓಡಿದಳು.
ಎರಡು ನಿಮಿಷ. ಬಾಗಿಲು ಸದ್ದಾಯಿತು.
ಬೆಚ್ಚನೆ ಗಾಳಿ ತಾಗಿದ್ದೇ ತಡ ಗಾಜಿಗೆ ಮಂಜು ಕವಿದು
ಅವಳ ಮುಖದಲ್ಲಿ ಎರಡು ಬಿಳಿ ಬಿಲ್ಲೆ.
"ಬೇಗ, ಬೇಗ. ಮೂರನೇ ಸಾಲು, ಎಡದಿಂದ ಎರಡನೆಯದು,
ಬಿಸಿಲಿನ ಕಡೆಯ ಪಟ್ಟಿ. ಸತ್ತು ಬಿದ್ದಿದೆ ಅದು."

ನನ್ನದು. ಮದುವೆಗೆ ಮುಂಚೆ ತೊಡುತ್ತಿದ್ದ ಪಾಚಿ ಹಸಿರು,
ಸಣ್ಣ ಸಣ್ಣ ಎಲೆ.
ನಾನೇ ಆರಿಸಿಟ್ಟದ್ದು, ಯಾರನ್ನೂ ಕೇಳದೆ.
ತೆಗೆದವಳು ಕೆಳಗಿಡಲು ಮನಸ್ಸಾಗದೆ
ಸುಮ್ಮನೆ ಮಗುಚಿದೆ.
ಬಟ್ಟೆಯ ಒಳಮೈ: ಎಲೆಗಳೆಲ್ಲ ಎಲೆಯ ನೆರಳು,
ಹಸಿರೋ ಅಲ್ಲವೋ ಅನ್ನುವಷ್ಟು ತಿಳಿ.
ಹಾಗೇ ಇಟ್ಟೆ, ಬೆನ್ನು ಮೇಲಾಗಿ.

"ಈಗ?" ಅಂದೆ.
ಅಷ್ಟರಲ್ಲಿ ಗಾಜು ಆರಿಹೋಗಿತ್ತು.
"ತಾಳು" ಎಂದು ಮತ್ತೆ ಮೆಟ್ಟಿಲ ಕಡೆ ತಿರುಗಿದಳು,
ಈ ಸಲ ಹೆಲೆನಾಳ ಕೋಟು ಹೊದ್ದು.